ಉಪಗ್ರಹ ನಡೆಸುವ ಕೆಲಸಕ್ಕೆ ಸೇರುವುದು ಹೇಗೆ? ಯುವ ಎಂಜಿನಿಯರ್‌ಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ‘ಇಸ್ರೋ ಸೇರೋದು ಹೇಗೆ?’ ನಾನು ತಿರುಗಿ ಕೇಳುತ್ತೇನೆ: ‘ಸೇರಿ ಏನು ಮಾಡಬೇಕು ಅಂತಿದ್ದೀರಿ?’ ಕೆಲವರು ರಾಕೆಟ್ ಅನ್ನುತ್ತಾರೆ, ಕೆಲವರು ಉಪಗ್ರಹ ಕಟ್ಟುವುದು ಅನ್ನುತ್ತಾರೆ. ಹಾರಿದ ಮೇಲೆ ಅದನ್ನು ನಡೆಸುವವರು ಯಾರು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅದು ಅವರ ತಪ್ಪಲ್ಲ. ಟಿವಿಯಲ್ಲಿ ತೋರಿಸುವುದು ಉಡಾವಣೆಯ ಇಪ್ಪತ್ತು ನಿಮಿಷ. ಅದರ ನಂತರದ ಐದು ವರ್ಷ, ಹತ್ತು ವರ್ಷ ಹಗಲು ರಾತ್ರಿ ನಡೆಯುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನು ಕೆಲವು ವರ್ಷ ಉಪಗ್ರಹಗಳ ಕನ್ಸೋಲ್, ಅಂದರೆ ಅವುಗಳ ಸ್ಥಿತಿ ನೋಡುವ, ಕಮಾಂಡ್ ಕಳಿಸುವ ಪರದೆಗಳ ಮುಂದೆ ಕೂತು ಕೆಲಸ ಮಾಡಿದವನು. ಈ ಕೆಲಸವನ್ನು ತುಂಬಾ ಪ್ರೀತಿಸುತ್ತೇನೆ. ಇದಕ್ಕೆ ಬೇಕಾದ್ದು ಅಸಾಧಾರಣ ಬುದ್ಧಿ ಅಲ್ಲ, ಕೆಲವು ಗಟ್ಟಿ ಅಭ್ಯಾಸಗಳು. ಅವನ್ನು ಕೆಲಸ ಸಿಗುವ ಮೊದಲೇ, ನಿಮ್ಮ ಹಾಸ್ಟೆಲ್ ಕೋಣೆಯಲ್ಲೇ ಶುರು ಮಾಡಬಹುದು. ಅದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಕೆಲಸ ಎಂಥದ್ದು ಅಂತ ಮೊದಲು ತಿಳಿದುಕೊಳ್ಳಿ

ಕರ್ನಾಟಕದವರಿಗೆ ಈ ಕೆಲಸ ಮನೆ ಬಾಗಿಲಲ್ಲೇ ಇದೆ. ಬೆಂಗಳೂರಿನ ಪೀಣ್ಯದಲ್ಲಿ ಇಸ್ಟ್ರಾಕ್ ಇದೆ. ಇಸ್ರೋದ ಟೆಲಿಮೆಟ್ರಿ (ಉಪಗ್ರಹ ತನ್ನ ಸ್ಥಿತಿಯ ಬಗ್ಗೆ ಕಳಿಸುವ ಮಾಹಿತಿ), ಟ್ರ್ಯಾಕಿಂಗ್ ಮತ್ತು ಕಮಾಂಡ್ ಜಾಲದ ಕೇಂದ್ರ ಅದು. ಲಖನೌ, ಪೋರ್ಟ್ ಬ್ಲೇರ್, ಮಾರಿಷಸ್, ಬ್ರೂನೈ, ಇಂಡೋನೇಷ್ಯಾದ ಬಿಯಾಕ್ ಹೀಗೆ ಹಲವು ಕಡೆ ಅದರ ಗ್ರೌಂಡ್ ಸ್ಟೇಷನ್‌ಗಳಿವೆ. ಚಂದ್ರಯಾನ-3 ಇಳಿದ ಸಂಜೆ, 2023ರ ಆಗಸ್ಟ್ 23ರಂದು, ನೀವು ಟಿವಿಯಲ್ಲಿ ನೋಡಿದ ಕಂಟ್ರೋಲ್ ರೂಮ್ ಇದೇ ಪೀಣ್ಯದ್ದು. 1975ರಲ್ಲಿ ಹಾರಿದ ಆರ್ಯಭಟವನ್ನು ಉಡುಪಿ ಕಡೆಯ ಯು.ಆರ್. ರಾವ್ ಅವರ ತಂಡ ಕಟ್ಟಿದ್ದೂ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲೇ.

ನಗರದಿಂದ ಸುಮಾರು 40 ಕಿ.ಮೀ. ದೂರದಲ್ಲಿ ಬ್ಯಾಲಾಳು. ಅಲ್ಲಿ 18 ಮೀಟರ್ ಮತ್ತು 32 ಮೀಟರ್ ಅಗಲದ ದೊಡ್ಡ ಆಂಟೆನಾಗಳಿವೆ. ಚಂದ್ರ, ಮಂಗಳ, ಸೂರ್ಯನ ಕಡೆ ಹೋದ ನೌಕೆಗಳ ಮಾತು ಕೇಳಿಸಿಕೊಳ್ಳುವುದು ಇವೇ. ಹಾಸನದಲ್ಲಿ 1982ರಿಂದ ಎಂಸಿಎಫ್ ಎಂಬ ಉಪಗ್ರಹ ನಿಯಂತ್ರಣ ಕೇಂದ್ರ ಇದೆ. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ನೋಡಿಕೊಳ್ಳುವುದು ಅಲ್ಲಿಂದ. ಅದಕ್ಕೊಂದು ಜೋಡಿ ಕೇಂದ್ರ ಭೋಪಾಲ್‌ನಲ್ಲಿದೆ.

ಉಪಗ್ರಹ ಒಂದು ಗ್ರೌಂಡ್ ಸ್ಟೇಷನ್ ಮೇಲೆ ಒಂದು ಸಲ ಹಾದುಹೋಗುವುದಕ್ಕೆ ‘ಪಾಸ್’ ಅನ್ನುತ್ತಾರೆ. ಈಗ ಒಂದು ಪಾಸ್ ಹೇಗಿರುತ್ತದೆ ನೋಡೋಣ. 500 ಕಿ.ಮೀ. ಎತ್ತರದ ಉಪಗ್ರಹ ಸೆಕೆಂಡಿಗೆ ಸುಮಾರು 7.6 ಕಿ.ಮೀ. ವೇಗದಲ್ಲಿ ಓಡುತ್ತದೆ. ಸುಮಾರು 95 ನಿಮಿಷಕ್ಕೆ ಒಂದು ಸುತ್ತು. ಒಂದು ಆಂಟೆನಾಗೆ ಅದು ಕಾಣುವುದು ಹೆಚ್ಚೆಂದರೆ ಸುಮಾರು ಹನ್ನೊಂದು ನಿಮಿಷ. ತಲೆಯ ಮೇಲೆ ಹಾಯದೆ ಓರೆಯಾಗಿ ಹೋದರೆ ಐದಾರು ನಿಮಿಷವೇ. ಅಷ್ಟರಲ್ಲಿ ಸಿಗ್ನಲ್ ಹಿಡಿಯಬೇಕು, ಬ್ಯಾಟರಿ ವೋಲ್ಟೇಜ್, ತಾಪಮಾನ, ದಿಕ್ಕು, ಮೆಮೊರಿ ಎಲ್ಲ ಸರಿಯಿದೆಯಾ ನೋಡಬೇಕು. ದೂರ ಅಳೆಯಬೇಕು. ಮುಂದಿನ ಕೆಲಸಗಳ ಕಮಾಂಡ್ ಕಳಿಸಬೇಕು. ಕಳಿಸಿದ್ದು ತಲುಪಿತಾ, ಉಪಗ್ರಹ ಅದನ್ನು ಮಾಡಿತಾ ಅಂತ ನೋಡಬೇಕು. ಆಮೇಲೆ ಅದು ದಿಗಂತದ ಕೆಳಗೆ ಇಳಿಯುತ್ತದೆ. ಮತ್ತೆ ಯಾವುದಾದರೂ ಸ್ಟೇಷನ್ ಮೇಲೆ ಬರುವವರೆಗೂ ನಿಮ್ಮ ಕೈಯಲ್ಲಿ ಏನೂ ಇಲ್ಲ.

ನೋಡುವವರಿಗೆ ಇದು ಪರದೆ ಮುಂದೆ ಸುಮ್ನೆ ಕೂತಂತೆ ಕಾಣುತ್ತದೆ. ಆದರೆ ಆ ಹನ್ನೊಂದು ನಿಮಿಷದ ಹಿಂದೆ ಗಂಟೆಗಟ್ಟಲೆ ತಯಾರಿ ಇರುತ್ತದೆ. ಯಾವ ಕಮಾಂಡ್, ಯಾವ ಕ್ರಮದಲ್ಲಿ, ಯಾವುದು ಕೈಕೊಟ್ಟರೆ ಮುಂದೇನು ಎಂಬುದೆಲ್ಲ ಬರೆದಿಟ್ಟ ಕಾಗದದಲ್ಲಿ ಇರುತ್ತದೆ. ಪಾಸ್ ನಡೆಯುತ್ತಿರುವಾಗ ಹೊಸದಾಗಿ ಜಾಣತನ ತೋರಿಸಲು ಹೋಗಬಾರದು. ಜಾಣತನವೆಲ್ಲ ಮೊದಲೇ ಮುಗಿದಿರಬೇಕು.

ಇದು ನಿಮಗೆ ಹಿಡಿಸುತ್ತದಾ? ರಾತ್ರಿ ಪಾಳಿ ಇರುತ್ತದೆ. ಹಬ್ಬದ ದಿನವೂ ಯಾರಾದರೂ ಕನ್ಸೋಲ್‌ನಲ್ಲಿ ಇರಲೇಬೇಕು. ಎಲ್ಲ ಸರಿಯಾಗಿದ್ದ ದಿನ ಯಾರೂ ಹೊಗಳುವುದಿಲ್ಲ. ಇಷ್ಟು ಕೇಳಿದ ಮೇಲೂ ಮನಸ್ಸು ಎಳೆದರೆ ಮುಂದೆ ಓದಿ.

ಹೆಜ್ಜೆ 2: ಓದುವಾಗ ಯಾವುದಕ್ಕೆ ಒತ್ತು ಕೊಡಬೇಕು

ಏರೋಸ್ಪೇಸ್ ಓದಿದವರಿಗೆ ಮಾತ್ರ ಅವಕಾಶ ಅನ್ನುವುದು ತಪ್ಪು ತಿಳಿವಳಿಕೆ. ಇಸ್ರೋ ಎಂಜಿನಿಯರ್ ಹುದ್ದೆಗಳ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್. ಕಾರ್ಯಾಚರಣೆಯ ಕೆಲಸಕ್ಕೆ ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಸೈನ್ಸ್ ತುಂಬಾ ಹತ್ತಿರ. ಇಂಜಿನ್, ಇಂಧನ, ತಾಪಮಾನದ ಲೆಕ್ಕಕ್ಕೆ ಮೆಕ್ಯಾನಿಕಲ್ ಓದಿದವರು ಬೇಕು.

ಯಾವ ಶಾಖೆ ಆದರೂ ನಾಲ್ಕು ವಿಷಯ ಗಟ್ಟಿ ಮಾಡಿಕೊಳ್ಳಿ. ಕಂಟ್ರೋಲ್ ಸಿಸ್ಟಮ್ಸ್, ಡಿಜಿಟಲ್ ಕಮ್ಯುನಿಕೇಷನ್, ಕಕ್ಷೆಯ ಗಣಿತ ಮತ್ತು ಪ್ರೋಗ್ರಾಮಿಂಗ್. ಕಕ್ಷೆಯ ಗಣಿತ ಹೆಚ್ಚಿನ ಕಾಲೇಜುಗಳ ಸಿಲಬಸ್‌ನಲ್ಲಿ ಇರುವುದಿಲ್ಲ. ನೀವೇ ಕಲಿಯಬೇಕು. ಕೆಪ್ಲರ್‌ನ ನಿಯಮ, ಕಕ್ಷೆಯನ್ನು ಹೇಳುವ ಆರು ಸಂಖ್ಯೆಗಳು, ಒಂದು ಕಕ್ಷೆಯಿಂದ ಇನ್ನೊಂದಕ್ಕೆ ಹೋಗಲು ಎಷ್ಟು ವೇಗ ಸೇರಿಸಬೇಕು ಎಂಬ ಲೆಕ್ಕ, ಇಷ್ಟರಿಂದ ಶುರು ಮಾಡಿ. ಪ್ರೋಗ್ರಾಮಿಂಗ್‌ಗೆ ಪೈಥಾನ್ ಸಾಕು. ಲಿನಕ್ಸ್ ಅಭ್ಯಾಸ ಇದ್ದರೆ ಒಳ್ಳೆಯದು.

ಓದಿದ್ದನ್ನು ಒಂದು ನಿಜವಾದ ಪ್ರಶ್ನೆಗೆ ಹಚ್ಚಿ ನೋಡಿ. ಉದಾಹರಣೆಗೆ, 500 ಕಿ.ಮೀ. ಎತ್ತರದ ಉಪಗ್ರಹ ದಿಗಂತದಲ್ಲಿ ಮೂಡುವಾಗ ನಿಮ್ಮಿಂದ ಎಷ್ಟು ದೂರ ಇರುತ್ತದೆ? ಭೂಮಿಯ ತ್ರಿಜ್ಯ 6,378 ಕಿ.ಮೀ. ಎಂದು ಇಟ್ಟುಕೊಂಡು ಪೈಥಾಗರಸ್ ಪ್ರಮೇಯ ಹಾಕಿ. ಸುಮಾರು 2,570 ಕಿ.ಮೀ. ಬರುತ್ತದೆ. ತಲೆಯ ಮೇಲೆ ಬಂದಾಗ ದೂರ 500 ಮಾತ್ರ. ಅಂದರೆ ದಿಗಂತದಲ್ಲಿ ಐದು ಪಟ್ಟಿಗಿಂತ ಜಾಸ್ತಿ ದೂರ, ಸಿಗ್ನಲ್ 26 ಪಟ್ಟು ದುರ್ಬಲ, ಡೆಸಿಬಲ್‌ನಲ್ಲಿ 14ರಷ್ಟು ಕಡಿಮೆ. ಪಾಸ್‌ನ ಮೊದಲ ನಿಮಿಷದಲ್ಲಿ ಮುಖ್ಯ ಕಮಾಂಡ್ ಯಾಕೆ ಕಳಿಸುವುದಿಲ್ಲ ಅಂತ ಈಗ ಗೊತ್ತಾಯಿತು, ಅಲ್ವಾ? ಹೈಸ್ಕೂಲಿನ ಒಂದು ಪ್ರಮೇಯದಿಂದ ಕನ್ಸೋಲ್‌ನ ಒಂದು ರೂಢಿ ಅರ್ಥವಾಗಿಬಿಡುತ್ತದೆ. ನನಗೆ ಈ ಕೆಲಸದಲ್ಲಿ ಬಹಳ ಇಷ್ಟವಾದದ್ದು ಇಂಥ ಗಳಿಗೆಗಳು.

ಹೆಜ್ಜೆ 3: ಮನೆಯಿಂದಲೇ ಪಾಸ್ ಹಿಡಿಯಿರಿ

ಇಡೀ ಬರಹದಲ್ಲಿ ಒಂದೇ ಹೆಜ್ಜೆ ಪಾಲಿಸುವುದಾದರೆ ಇದನ್ನೇ ಪಾಲಿಸಿ.

ಮೊದಲ ವಾರ ಬರೀ ಕಣ್ಣು ಸಾಕು. ಜಿಪ್ರೆಡಿಕ್ಟ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ನಿಮ್ಮ ಊರಿನ ಅಕ್ಷಾಂಶ, ರೇಖಾಂಶ ಕೊಡಿ. ಉಪಗ್ರಹಗಳ ಕಕ್ಷೆಯ ವಿವರ ಟಿಎಲ್‌ಇ ಎಂಬ ಎರಡು ಸಾಲಿನ ರೂಪದಲ್ಲಿ ಸೆಲೆಸ್‌ಟ್ರ್ಯಾಕ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಿಮ್ಮ ಊರ ಮೇಲೆ ಸಂಜೆ ಕತ್ತಲಾಗುವ ಹೊತ್ತಿಗೆ ಅಥವಾ ಬೆಳಗಿನ ಜಾವ ಯಾವಾಗ ಹಾಯುತ್ತದೆ ಎಂದು ನೋಡಿ, ತಾರಸಿಗೆ ಹೋಗಿ ನಿಲ್ಲಿ. ಹೇಳಿದ ಸೆಕೆಂಡಿಗೆ, ಹೇಳಿದ ದಿಕ್ಕಿನಲ್ಲಿ ಅದು ಮೂಡಿ ಬರುವುದನ್ನು ನೋಡಿದರೆ ಗಣಿತದ ಮೇಲೆ ನಂಬಿಕೆ ಬರುತ್ತದೆ. ಒಂದೇ ಟಿಎಲ್‌ಇ ಅನ್ನು ಎರಡು ವಾರ ಹಾಗೇ ಬಳಸಿ ನೋಡಿ. ಹೇಳಿದ ಹೊತ್ತಿಗೂ ಬಂದ ಹೊತ್ತಿಗೂ ಅಂತರ ಬೆಳೆಯುತ್ತದೆ. ಅಷ್ಟು ಎತ್ತರದಲ್ಲೂ ತೆಳು ಗಾಳಿ ಇದೆ, ಅದು ನಿಲ್ದಾಣವನ್ನು ನಿಧಾನಕ್ಕೆ ಕೆಳಗೆಳೆಯುತ್ತದೆ. ಆಗಾಗ ಇಂಜಿನ್ ಉರಿಸಿ ಅದನ್ನು ಮೇಲೆತ್ತುತ್ತಾರೆ. ಕಕ್ಷೆಯನ್ನು ಮತ್ತೆ ಮತ್ತೆ ಅಳೆಯುವ ತಂಡ ಯಾಕೆ ಬೇಕು ಎಂಬುದು ಹೀಗೆ ನಿಮಗೇ ಗೊತ್ತಾಗುತ್ತದೆ.

ಆಮೇಲೆ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಕೊಳ್ಳಿ. ಪೆನ್‌ಡ್ರೈವ್‌ನಷ್ಟೇ ಇರುವ ರೇಡಿಯೋ ಗ್ರಾಹಕ ಅದು. ನಾಲ್ಕು ಜನ ಸೇರಿ ಕೊಂಡರೆ ಭಾರವಾಗುವುದಿಲ್ಲ. ಎರಡು ಲೋಹದ ಕಡ್ಡಿಗಳನ್ನು ವಿ ಆಕಾರದಲ್ಲಿ ಇಟ್ಟರೆ ಆಂಟೆನಾ ಸಿದ್ಧ. ರಷ್ಯಾದ ಮೆಟಿಯೋರ್ ಹವಾಮಾನ ಉಪಗ್ರಹಗಳು 137 ಮೆಗಾಹರ್ಟ್ಸ್ ಸುತ್ತಮುತ್ತ ಚಿತ್ರ ಕಳಿಸುತ್ತವೆ. ಹಳೆಯ ಪಾಠಗಳಲ್ಲಿ ಅಮೆರಿಕದ ನೋವಾ-15, 18, 19 ಹವಾಮಾನ ಉಪಗ್ರಹಗಳ ಹೆಸರು ಇರುತ್ತದೆ. ಅವುಗಳ ಕೆಲಸ 2025ರಲ್ಲಿ ನಿಂತಿತು, ಅವನ್ನು ಹುಡುಕುತ್ತಾ ಕೂರಬೇಡಿ. ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿಗಳ ರೇಡಿಯೋ, 145.8 ಮೆಗಾಹರ್ಟ್ಸ್‌ನಲ್ಲಿ ಕೇಳಿಸುತ್ತದೆ. ನಿಲ್ದಾಣ ಹತ್ತಿರ ಬರುವಾಗ ಆವರ್ತನ ಸುಮಾರು 3.5 ಕಿಲೋಹರ್ಟ್ಸ್ ಮೇಲೆ, ದೂರ ಹೋಗುವಾಗ ಅಷ್ಟೇ ಕೆಳಗೆ ಸರಿಯುತ್ತದೆ. ರೈಲು ಹಾದುಹೋಗುವಾಗ ಸೀಟಿಯ ಸ್ವರ ಇಳಿಯುತ್ತದಲ್ಲ, ಅದೇ ಡಾಪ್ಲರ್ ಪರಿಣಾಮ. 2025ರ ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣದಲ್ಲಿದ್ದಾಗ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಮಾತಾಡಿದ್ದು ಹ್ಯಾಮ್ ರೇಡಿಯೋ ಮೂಲಕವೇ. ನೀವೂ ಮಾತಾಡಬೇಕು, ಅಂದರೆ ಸಿಗ್ನಲ್ ಕಳಿಸಬೇಕು ಅಂದರೆ, ಸರ್ಕಾರದ ಹ್ಯಾಮ್ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆಯಬೇಕು. 12 ವರ್ಷ ತುಂಬಿದ ಯಾರಾದರೂ ಬರೆಯಬಹುದು. ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಅದು ಕಷ್ಟದ್ದಲ್ಲ.

ಈಗ ಮುಖ್ಯ ಮಾತು. ಪ್ರತಿ ಪಾಸ್‌ಗೂ ಲಾಗ್‌ಬುಕ್ ಬರೆಯಿರಿ. ನೋಟ್‌ಬುಕ್ ಸಾಕು. ದಿನಾಂಕ, ಯುಟಿಸಿಯಲ್ಲಿ (ಎಲ್ಲ ದೇಶಗಳಿಗೂ ಒಂದೇ ಆದ ಪ್ರಮಾಣ ಸಮಯ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ) ಸಮಯ, ಉಪಗ್ರಹದ ಹೆಸರು, ಎಷ್ಟು ಎತ್ತರಕ್ಕೆ ಬರಬೇಕಿತ್ತು, ಸಿಗ್ನಲ್ ಯಾವಾಗ ಸಿಕ್ಕಿತು, ಯಾವಾಗ ಹೋಯಿತು, ಏನು ಬದಲಾಯಿಸಿದಿರಿ, ಏನು ಕೆಟ್ಟಿತು, ಕಾರಣ ಏನಿರಬಹುದು. ಸಿಗ್ನಲ್ ಸಿಗದ ದಿನವೂ ಬರೆಯಿರಿ. ಆ ದಿನ ಇನ್ನೂ ಜಾಸ್ತಿ ಬರೆಯಿರಿ. ನೂರು ಪಾಸ್ ತುಂಬಿದ ಒಂದು ಲಾಗ್‌ಬುಕ್ ಕೈಯಲ್ಲಿದ್ದರೆ, ನೀವು ಈ ಕೆಲಸವನ್ನು ಬರೀ ಇಷ್ಟಪಟ್ಟಿಲ್ಲ, ಮಾಡಿದ್ದೀರಿ ಅಂತ ಅರ್ಥ.

ಸಮಯವನ್ನು ಯುಟಿಸಿಯಲ್ಲೇ ಬರೆಯಿರಿ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಮೊದಲ ವರ್ಷದ ಘಟನೆ ಇದು. ಪಾಳಿ ಮುಗಿಸಿ ಹೊರಡುವಾಗ ಹ್ಯಾಂಡೋವರ್ ಪುಸ್ತಕದಲ್ಲಿ ‘2:30ರ ಪಾಸ್‌ನಲ್ಲಿ ಹೀಟರ್ ಆಫ್ ಮಾಡಬೇಕು’ ಎಂದು ಬರೆದೆ. ನನ್ನ ತಲೆಯಲ್ಲಿ ಇದ್ದದ್ದು ಯುಟಿಸಿ, ಅಂದರೆ ನಮ್ಮ ಬೆಳಗಿನ 8 ಗಂಟೆ. ನಂತರ ಬಂದವರು ಅದನ್ನು ರಾತ್ರಿ ಎರಡೂವರೆ ಎಂದು ಓದಿದರು. ಆ ಹೊತ್ತಿಗೆ ಪಾಸ್ ಇರಲಿಲ್ಲ, ಹಾಗಾಗಿ ರದ್ದಾಗಿದೆ ಅಂದುಕೊಂಡರು. ಬೆಳಗಿನ ಪಾಸ್‌ನಲ್ಲಿ ಹೀಟರ್ ಆಫ್ ಆಗಲಿಲ್ಲ. ಸಂಜೆ ಸಿಗ್ನಲ್ ಸಿಕ್ಕಾಗ ಬ್ಯಾಟರಿಯ ತಾಪಮಾನ ಎಚ್ಚರಿಕೆ ಕೊಡುವ ಹಳದಿ ಮಿತಿ ದಾಟಿತ್ತು. ಉಪಗ್ರಹಕ್ಕೆ ಏನೂ ಆಗಲಿಲ್ಲ. ಆದರೆ ಮೂರು ಅಕ್ಷರ ಬರೆಯದೆ ಬಿಟ್ಟಿದ್ದಕ್ಕೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ಸಮಯದ ಮುಂದೆ ಯುಟಿಸಿ ಎಂದು ಬರೆಯದೆ ಪೆನ್ನು ಎತ್ತುವುದಿಲ್ಲ.

ಹೆಜ್ಜೆ 4: ನಿಜವಾದ ತಂತ್ರಾಂಶ ಮುಟ್ಟಿ ನೋಡಿ

ನಾಸಾದ ಜಿಮ್ಯಾಟ್ ಉಚಿತ. ಕಕ್ಷೆ ಬದಲಿಸುವ ಲೆಕ್ಕ ಅದರಲ್ಲಿ ಮಾಡಬಹುದು. ಟೆಲಿಮೆಟ್ರಿಯನ್ನು ಪರದೆಯ ಮೇಲೆ ತೋರಿಸುವ ಓಪನ್ ಎಂಸಿಟಿ ಕೂಡ ನಾಸಾದ್ದು, ಅದೂ ಉಚಿತ. ಕಮಾಂಡ್ ಕಳಿಸಿ ಟೆಲಿಮೆಟ್ರಿ ಪಡೆಯುವ ಇಡೀ ವ್ಯವಸ್ಥೆಯನ್ನು ಲ್ಯಾಪ್‌ಟಾಪ್‌ನಲ್ಲೇ ನೋಡಬೇಕಾದರೆ ಯಾಮ್ಸ್ ಇದೆ. ಸಿಸಿಎಸ್‌ಡಿಎಸ್ ಎಂಬ ಅಂತರರಾಷ್ಟ್ರೀಯ ಸಮಿತಿಯ ಮಾನದಂಡಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಪ್ಯಾಕೆಟ್ ಹೇಗೆ ಕಟ್ಟುತ್ತಾರೆ ಎಂಬ ಒಂದು ಭಾಗ ಓದಿ, ಅದನ್ನು ಬಿಡಿಸುವ ಚಿಕ್ಕ ಪೈಥಾನ್ ಪ್ರೋಗ್ರಾಮ್ ಬರೆದರೂ ಸಾಕು.

ಹೆಜ್ಜೆ 5: ಕಾಲೇಜಿನ ಉಪಗ್ರಹ ಇದ್ದರೆ ಗ್ರೌಂಡ್ ಸ್ಟೇಷನ್ ತಂಡಕ್ಕೆ ಸೇರಿ

2010ರ ಜುಲೈ 12ರಂದು ಹಾರಿದ ಸ್ಟಡ್‌ಸ್ಯಾಟ್ ಒಂದು ಕಿಲೋಗಿಂತ ಕಡಿಮೆ ತೂಕದ ಉಪಗ್ರಹ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ್ದು. ಅದರ ಗ್ರೌಂಡ್ ಸ್ಟೇಷನ್ ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್ ಹೋಯಿತು. ಇಂಥ ಯೋಜನೆಗಳಲ್ಲಿ ಎಲ್ಲರಿಗೂ ಉಪಗ್ರಹದ ಪೆಟ್ಟಿಗೆ ಕಟ್ಟುವ ಆಸೆ. ಗ್ರೌಂಡ್ ಸ್ಟೇಷನ್ ತಂಡಕ್ಕೆ ಬರುವವರು ಕಡಿಮೆ. ನೀವು ಅಲ್ಲಿಗೇ ಹೋಗಿ. ಕಾರ್ಯವಿಧಾನ ಬರೆಯುವ ಕೆಲಸ ಕೇಳಿ ಪಡೆಯಿರಿ.

ಕಾಲೇಜಿನಲ್ಲಿ ಉಪಗ್ರಹ ಇಲ್ಲದಿದ್ದರೆ ಬಲೂನ್ ಇರಬಹುದು, ಡ್ರೋನ್ ಇರಬಹುದು, ಫಾರ್ಮುಲಾ ಕಾರ್ ಇರಬಹುದು. ಅದರಿಂದ ಡೇಟಾ ಬರುತ್ತದೆ, ಅದಕ್ಕೆ ಆದೇಶ ಹೋಗುತ್ತದೆ ಅಂದರೆ ಅದೂ ಕಾರ್ಯಾಚರಣೆಯೇ.

ಹೆಜ್ಜೆ 6: ಕೆಟ್ಟ ದಿನಗಳ ಕಥೆ ಓದಿ

ಗೆದ್ದ ಯೋಜನೆಗಳ ವಿಡಿಯೋ ನೋಡುವುದು ಖುಷಿ. ಕಲಿಯಬೇಕಾದರೆ ಕೈತಪ್ಪಿದ ದಿನಗಳನ್ನು ಓದಬೇಕು. ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಸೋಹೋ. ನಮ್ಮ ಸೂರ್ಯ ವೀಕ್ಷಣೆಯ ನೌಕೆ ಆದಿತ್ಯ-ಎಲ್1 ಇರುವ, ಭೂಮಿ ಸೂರ್ಯರ ನಡುವಿನ ಅದೇ ಎಲ್1 ಪ್ರದೇಶದಲ್ಲಿ, ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ ಇರುವ ಯುರೋಪ್ ಮತ್ತು ಅಮೆರಿಕದ ಜಂಟಿ ನೌಕೆ. 1998ರ ಜೂನ್ 25ರಂದು ಅದರ ಸಂಪರ್ಕ ಹೋಯಿತು. ಯಂತ್ರ ಕೆಟ್ಟಿರಲಿಲ್ಲ. ಕಮಾಂಡ್‌ಗಳ ಒಂದು ಸರಣಿಯನ್ನು ತಿದ್ದುವಾಗ, ಒಂದು ಜೈರೋ (ನೌಕೆ ಎಷ್ಟು ತಿರುಗುತ್ತಿದೆ ಎಂದು ಅಳೆಯುವ ಸಾಧನ) ಆಫ್ ಆದ ಮೇಲೆ ಅದನ್ನು ಮತ್ತೆ ಆನ್ ಮಾಡುವ ಸಾಲು ಬಿಟ್ಟುಹೋಗಿತ್ತು. ಕೊನೆಗೆ ಕನ್ಸೋಲ್‌ನಲ್ಲಿ ಇದ್ದವರು ಕೆಲಸ ಮಾಡುತ್ತಿದ್ದ ಜೈರೋವೇ ಕೆಟ್ಟಿದೆ ಎಂದು ಭಾವಿಸಿ ಅದನ್ನೂ ಆಫ್ ಮಾಡಿದರು. ನೌಕೆ ಗಿರಕಿ ಹೊಡೆಯತೊಡಗಿತು, ಸೌರಫಲಕಕ್ಕೆ ಬಿಸಿಲು ಬೀಳದಾಯಿತು. ವಾರಗಟ್ಟಲೆ ಹುಡುಕಿದ ಮೇಲೆ ಆಗಸ್ಟ್‌ನಲ್ಲಿ ಅದರ ಕ್ಷೀಣ ಸಿಗ್ನಲ್ ಮತ್ತೆ ಸಿಕ್ಕಿತು. ಹೆಪ್ಪುಗಟ್ಟಿದ್ದ ಇಂಧನವನ್ನು ನಿಧಾನಕ್ಕೆ ಕರಗಿಸಿ ನೌಕೆಯನ್ನು ಉಳಿಸಿಕೊಂಡರು. ಇದರ ತನಿಖಾ ವರದಿ ಸಾರ್ವಜನಿಕವಾಗಿದೆ. ಎರಡು ಸಲ ಓದಿ. ಮೊದಲ ಸಲ ಏನಾಯಿತು ಅಂತ ತಿಳಿಯಲು, ಎರಡನೇ ಸಲ ನೀವು ಆ ಕುರ್ಚಿಯಲ್ಲಿ ಇದ್ದಿದ್ದರೆ ಎಲ್ಲಿ ನಿಲ್ಲಿಸುತ್ತಿದ್ದಿರಿ ಅಂತ ಯೋಚಿಸಲು.

ಎರಡನೆಯದು ನಮ್ಮ ಮಂಗಳಯಾನ. 2013ರ ನವೆಂಬರ್ 5ರಂದು ಹೊರಟ ನೌಕೆಯ ಕಕ್ಷೆಯನ್ನು ಹಂತ ಹಂತವಾಗಿ ಎತ್ತರಿಸುತ್ತಿದ್ದರು. ನವೆಂಬರ್ 11ರಂದು ನಾಲ್ಕನೇ ಸಲ ಇಂಜಿನ್ ಉರಿಸಿದಾಗ ಸೆಕೆಂಡಿಗೆ 130 ಮೀಟರ್ ವೇಗ ಸೇರಬೇಕಿತ್ತು. ಸೇರಿದ್ದು 35 ಮಾತ್ರ. ಬದಲಿ ವ್ಯವಸ್ಥೆಗಳನ್ನು ಪರೀಕ್ಷಿಸುವ ಭಾಗವಾಗಿ, ಇಂಧನದ ಕವಾಟದ ಮುಖ್ಯ ಸುರುಳಿ ಮತ್ತು ಬದಲಿ ಸುರುಳಿ ಎರಡನ್ನೂ ಒಟ್ಟಿಗೆ ಚಾಲೂ ಮಾಡಿದ್ದರು. ಆಗ ಇಂಜಿನ್‌ಗೆ ಇಂಧನದ ಹರಿವು ನಿಂತಿತ್ತು. ಒಂದೊಂದಾಗಿ ಬಳಸಿದಾಗ ಎರಡೂ ಸರಿಯಾಗೇ ಇದ್ದವು. ಪತ್ರಿಕೆಗಳು ಹಿನ್ನಡೆ ಎಂದು ಬರೆದವು. ತಂಡ ಕಾರಣ ಹುಡುಕಿ, ಆ ಎರಡನ್ನು ಜೊತೆಯಲ್ಲಿ ಬಳಸಬಾರದು ಎಂದು ತೀರ್ಮಾನಿಸಿ, ಮರುದಿನ ಬೆಳಗಿನ ಜಾವ 5 ಗಂಟೆಗೆಲ್ಲ ಇಂಜಿನ್ ಮತ್ತೆ ಉರಿಸಿತು. ಕಕ್ಷೆಯ ದೂರದ ತುದಿ 1.18 ಲಕ್ಷ ಕಿ.ಮೀ.ಗೆ ಏರಿತು. ಭೂಮಿಯ ಹತ್ತಿರ ಇರುವಾಗಲೇ, ತಪ್ಪು ತಿದ್ದಲು ಅವಕಾಶ ಇರುವಾಗಲೇ ಪರೀಕ್ಷೆ ಮಾಡಿದ್ದರಿಂದ ಇದು ಗೊತ್ತಾಯಿತು. 2014ರ ಸೆಪ್ಟೆಂಬರ್ 24ರಂದು ಮಂಗಳದ ಹತ್ತಿರ ಆ ಅವಕಾಶ ಇರಲಿಲ್ಲ. ಸಿಗ್ನಲ್ ಒಂದು ಕಡೆಗೆ ಹೋಗಲು ಸುಮಾರು ಹನ್ನೆರಡೂವರೆ ನಿಮಿಷ ಬೇಕಿತ್ತು. ಕಮಾಂಡ್‌ಗಳನ್ನೆಲ್ಲ ದಿನಗಳ ಮೊದಲೇ ತುಂಬಿಟ್ಟಿದ್ದರು. ಸುಮಾರು 300 ದಿನ ಮಲಗಿದ್ದ ಇಂಜಿನ್ ಏಳುತ್ತದಾ ಎಂದು ಎರಡು ದಿನ ಮೊದಲು ಬರೀ ನಾಲ್ಕು ಸೆಕೆಂಡ್ ಉರಿಸಿ ನೋಡಿದ್ದರು. ಆ ತಂಡದಲ್ಲಿ ಕಾರ್ಯಾಚರಣೆಯ ಉಪ ನಿರ್ದೇಶಕರಾಗಿದ್ದವರಲ್ಲಿ ನಂದಿನಿ ಹರಿನಾಥ್ ಮತ್ತು ರಿತು ಕರಿಧಾಲ್ ಇದ್ದರು. ಅವರ ಸಂದರ್ಶನಗಳು ಸಿಕ್ಕರೆ ಕೇಳಿ.

ಮೂರನೆಯದು ಸ್ಪೇಡೆಕ್ಸ್. 2024ರ ಡಿಸೆಂಬರ್ 30ರಂದು ಹಾರಿದ ಜೋಡಿ ಉಪಗ್ರಹಗಳು ಜನವರಿ 7ಕ್ಕೆ ಒಂದಕ್ಕೊಂದು ಸೇರಬೇಕಿತ್ತು. ಅದು 9ಕ್ಕೆ ಹೋಯಿತು. ಅಂತರ ನಿರೀಕ್ಷೆಗಿಂತ ಜಾಸ್ತಿ ಬದಲಾದ್ದರಿಂದ ಅದನ್ನೂ ಬಿಟ್ಟರು. 12ರಂದು 15 ಮೀಟರ್, ಆಮೇಲೆ 3 ಮೀಟರ್‌ವರೆಗೆ ತಂದು, ಡೇಟಾ ನೋಡಲು ಮತ್ತೆ ದೂರ ಒಯ್ದರು. 16ರಂದು ಸೇರಿಸಿದರು. ಇಡೀ ದೇಶ ನೋಡುತ್ತಿರುವಾಗ ಮೂರು ಮೀಟರ್ ಹತ್ತಿರದಿಂದ ಹಿಂದೆ ಸರಿಯಲು ಎಷ್ಟು ಧೈರ್ಯ ಬೇಕು ಯೋಚಿಸಿ. ನನ್ನ ಮಟ್ಟಿಗೆ ಸೇರಿಸಿದ ದಿನಕ್ಕಿಂತ ಹಿಂದೆ ಸರಿದ ದಿನವೇ ದೊಡ್ಡದು.

ಹೆಜ್ಜೆ 7: ಒಳಗೆ ಹೋಗುವ ಬಾಗಿಲುಗಳು

ಇಸ್ರೋ ಎಂಜಿನಿಯರ್ ಹುದ್ದೆಗೆ ಸಾಮಾನ್ಯ ದಾರಿ ಐಸಿಆರ್‌ಬಿ, ಅಂದರೆ ಕೇಂದ್ರೀಕೃತ ನೇಮಕಾತಿ ಮಂಡಳಿ. ಹುದ್ದೆಯ ಹೆಸರು ಸೈಂಟಿಸ್ಟ್/ಎಂಜಿನಿಯರ್ ‘ಎಸ್‌ಸಿ’. ಇಲ್ಲಿ ಎಸ್‌ಸಿ ಅಂದರೆ ಹುದ್ದೆಯ ದರ್ಜೆ, ಮೀಸಲಾತಿಯ ವರ್ಗ ಅಲ್ಲ. ಪ್ರಥಮ ದರ್ಜೆಯ ಬಿಇ ಅಥವಾ ಬಿಟೆಕ್ ಬೇಕು, ಒಟ್ಟು ಸರಾಸರಿ ಶೇ. 65 ಅಥವಾ 10ಕ್ಕೆ 6.84 ಸಿಜಿಪಿಎ ಇರಬೇಕು. ಇತ್ತೀಚಿನ ಪ್ರಕಟಣೆಗಳಲ್ಲಿ ಸಾಮಾನ್ಯ ವರ್ಗದ ವಯೋಮಿತಿ 28. ಮೂಲ ವೇತನ 56,100 ರೂಪಾಯಿಯಿಂದ ಶುರು. ಲಿಖಿತ ಪರೀಕ್ಷೆ ನಡೆಸಿ ಸಂದರ್ಶನಕ್ಕೆ ಕರೆಯುವುದು ರೂಢಿ, ಕೆಲವು ನೇಮಕಾತಿಗಳಲ್ಲಿ ಗೇಟ್ ಅಂಕವನ್ನೂ ಬಳಸಿದ್ದಾರೆ. ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆದ್ದರಿಂದ ಇಸ್ರೋ ಜಾಲತಾಣದ ಪ್ರಕಟಣೆಯನ್ನು ನೀವೇ ಪೂರ್ತಿ ಓದಿ. ದುಡ್ಡು ಕೊಟ್ಟರೆ ಇಸ್ರೋ ಕೆಲಸ ಕೊಡಿಸುತ್ತೇನೆ ಎನ್ನುವವರು ಮೋಸಗಾರರು, ಅವರ ಹತ್ತಿರ ಹೋಗಲೇಬೇಡಿ. ಇನ್ನೊಂದು ವಿಷಯ, ಆಯ್ಕೆಯಾದವರು ಯಾವ ಕೇಂದ್ರಕ್ಕೆ ಹೋಗುತ್ತಾರೆ ಎಂಬುದು ಅಲ್ಲಿನ ಅಗತ್ಯದ ಮೇಲೆ ನಿಂತಿದೆ. ಪೀಣ್ಯ ಬೇಕು ಅಂದವರಿಗೆ ಶ್ರೀಹರಿಕೋಟಾ ಸಿಗಬಹುದು.

ಡಿಪ್ಲೊಮಾ, ಐಟಿಐ ಓದಿದವರು ಇದು ನಮಗಲ್ಲ ಎಂದು ಮುಖ ತಿರುಗಿಸಬೇಡಿ. ಟೆಕ್ನಿಕಲ್ ಅಸಿಸ್ಟೆಂಟ್, ಟೆಕ್ನಿಷಿಯನ್ ಹುದ್ದೆಗಳು ನಿಮಗಾಗಿಯೇ ಇವೆ. ಆಂಟೆನಾ ತಿರುಗದೇ ಹೋದರೆ ಕಂಟ್ರೋಲ್ ರೂಮ್‌ನಲ್ಲಿ ಎಷ್ಟೇ ಜನ ಇದ್ದರೂ ಪಾಸ್ ಇಲ್ಲ.

ಪಿಯುಸಿಯಲ್ಲಿ ಇರುವ ತಮ್ಮ ತಂಗಿಯರಿಗೆ ತಿರುವನಂತಪುರದ ಐಐಎಸ್‌ಟಿ ಬಗ್ಗೆ ಹೇಳಿ. 2007ರಲ್ಲಿ ಶುರುವಾದ ಸಂಸ್ಥೆ ಅದು, ಜೆಇಇ ಅಡ್ವಾನ್ಸ್ಡ್ ಬರೆದು ಸೇರಬೇಕು. ಒಳ್ಳೆಯ ಅಂಕ ಪಡೆದವರನ್ನು ಹುದ್ದೆ ಖಾಲಿ ಇದ್ದಂತೆ ಇಸ್ರೋ ತೆಗೆದುಕೊಳ್ಳುತ್ತದೆ. ಒಂಬತ್ತನೇ ತರಗತಿಯವರಿಗೆ ಯುವಿಕಾ ಶಿಬಿರ ಇದೆ.

ಖಾಸಗಿ ಬಾಗಿಲು ಈಗ ದೊಡ್ಡದಾಗಿದೆ. 2020ರ ಸುಧಾರಣೆ, 2023ರ ಬಾಹ್ಯಾಕಾಶ ನೀತಿ ಬಂದ ಮೇಲೆ ಕಂಪನಿಗಳು ತಮ್ಮದೇ ಉಪಗ್ರಹ ನಡೆಸುತ್ತಿವೆ. ಬೆಂಗಳೂರಿನ ಪಿಕ್ಸೆಲ್ 2025ರ ಜನವರಿಯಲ್ಲಿ ತನ್ನ ಫೈರ್‌ಫ್ಲೈ ಉಪಗ್ರಹಗಳಲ್ಲಿ ಮೊದಲ ಮೂರನ್ನು ಹಾರಿಸಿತು. ಬೆಂಗಳೂರಿನದೇ ದಿಗಂತರಾ ಬಾಹ್ಯಾಕಾಶದ ಕಸದ ಮೇಲೆ ಕಣ್ಣಿಡುವ ಕೆಲಸ ಮಾಡುತ್ತದೆ. ಹೈದರಾಬಾದಿನಲ್ಲಿ ಧ್ರುವ ಸ್ಪೇಸ್ ಇದೆ. ಚಿಕ್ಕ ಕಂಪನಿಯಲ್ಲಿ ಮೊದಲ ವರ್ಷವೇ ಕಾರ್ಯವಿಧಾನ ಬರೆದು, ಕಮಾಂಡ್ ಕಳಿಸಿ, ರಾತ್ರಿ ಅಲಾರಂಗೆ ಎದ್ದು ನೋಡುವ ಅವಕಾಶ ಸಿಗುತ್ತದೆ. ಕಲಿಯುವ ವೇಗ ಜಾಸ್ತಿ. ಭದ್ರತೆ ಕಡಿಮೆ. ಎರಡನ್ನೂ ತೂಗಿ ನೋಡಿ.

ವಿದೇಶದ ಕನಸು ಇರುವವರಿಗೆ ಒಂದು ನೇರ ಮಾತು. ಅಮೆರಿಕದಲ್ಲಿ ರಫ್ತು ನಿಯಂತ್ರಣದ ಕಾನೂನಿನಿಂದಾಗಿ ಬಾಹ್ಯಾಕಾಶದ ಹೆಚ್ಚಿನ ಕೆಲಸಗಳಿಗೆ ಅಲ್ಲಿನ ಪೌರತ್ವ ಅಥವಾ ಗ್ರೀನ್ ಕಾರ್ಡ್ ಕೇಳುತ್ತಾರೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಸಾ ಮುಖ್ಯವಾಗಿ ಸದಸ್ಯ ದೇಶಗಳವರನ್ನೇ ತೆಗೆದುಕೊಳ್ಳುತ್ತದೆ. ಎಂಎಸ್‌ಗೆ ಸಾಲ ಮಾಡುವ ಮೊದಲು ಇದನ್ನು ತಿಳಿದಿರಿ.

ಹೆಜ್ಜೆ 8: ಸಂದರ್ಶನ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಬೇರೆ ಕಡೆ ಇದು ಬರೀ ಒಳ್ಳೆಯ ಗುಣ, ಕನ್ಸೋಲ್‌ನಲ್ಲಿ ಇದು ಕೆಲಸದ ಅರ್ಹತೆ. ಊಹೆಯನ್ನು ಸತ್ಯದ ಹಾಗೆ ಹೇಳುವವರ ಕೈಗೆ ಯಾರೂ ಉಪಗ್ರಹ ಕೊಡುವುದಿಲ್ಲ. ‘ನನಗೆ ಇಷ್ಟು ಗೊತ್ತು, ಇದರ ಮೇಲೆ ಹೀಗಿರಬಹುದು ಅನ್ನಿಸುತ್ತದೆ, ಖಚಿತ ಮಾಡಿಕೊಳ್ಳಲು ಇಂಥದ್ದನ್ನು ನೋಡುತ್ತೇನೆ’ ಎಂದು ಹೇಳುವ ಅಭ್ಯಾಸ ಮಾಡಿ. ಬೇರೆ ಬೇರೆ ವಿಷಯ ಹತ್ತು ಓದುವ ಬದಲು ನಿಮ್ಮ ಪ್ರಾಜೆಕ್ಟ್ ಒಂದನ್ನು ಬುಡದಿಂದ ತುದಿಯವರೆಗೆ ತಿಳಿದಿರಿ. ಲಾಗ್‌ಬುಕ್ ಜೊತೆಗೆ ಒಯ್ಯಿರಿ.

ಹೆಜ್ಜೆ 9: ಮೊದಲ ವರ್ಷ

ಸೇರಿದ ಕೂಡಲೇ ಯಾರೂ ಕಮಾಂಡ್ ಕಳಿಸಲು ಬಿಡುವುದಿಲ್ಲ. ಹಿರಿಯರ ಪಕ್ಕ ಕೂತು ನೋಡಬೇಕು. ಸಿಮ್ಯುಲೇಷನ್‌ಗಳಲ್ಲಿ ಬೇಕೆಂದೇ ತೊಂದರೆ ತುರುಕಿ ಪರೀಕ್ಷಿಸುತ್ತಾರೆ. ಬ್ಯಾಟರಿ ಕುಸಿಯುತ್ತದೆ, ಆಂಟೆನಾ ಕೈಕೊಡುತ್ತದೆ, ಎರಡೂ ಒಟ್ಟಿಗೆ ಆಗುತ್ತದೆ. ಅಲ್ಲಿ ತಪ್ಪು ಮಾಡಿ. ತಪ್ಪು ಮಾಡಲು ಇರುವ ಜಾಗವೇ ಅದು.

ನೀವು ನೋಡಿಕೊಳ್ಳುವ ಉಪವ್ಯವಸ್ಥೆಯ ಮಾಮೂಲಿ ದಿನ ಹೇಗಿರುತ್ತದೆ ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿ. ಮಾರ್ಚ್ ಮತ್ತು ಸೆಪ್ಟೆಂಬರ್ ಸುತ್ತಮುತ್ತ ಹಾಸನದಿಂದ ನೋಡಿಕೊಳ್ಳುವ ಉಪಗ್ರಹಗಳು ದಿನಾ ಭೂಮಿಯ ನೆರಳಿಗೆ ಬೀಳುತ್ತವೆ, ಹೆಚ್ಚೆಂದರೆ 72 ನಿಮಿಷ. ಆಗ ಎಲ್ಲ ಭಾರ ಬ್ಯಾಟರಿಯ ಮೇಲೆ. ಹೋದ ಸಲದ ನೆರಳಿನಲ್ಲಿ ವೋಲ್ಟೇಜ್ ಎಷ್ಟಕ್ಕೆ ಇಳಿದಿತ್ತು, ಈ ಸಲ ಎಷ್ಟು? ಅಲಾರಂ ಹೊಡೆಯುವ ಮೊದಲೇ ಇದನ್ನು ಗಮನಿಸುವವರು ತಂಡಕ್ಕೆ ದೊಡ್ಡ ಆಸ್ತಿ. ಏನೋ ಸರಿಯಿಲ್ಲ ಅನ್ನಿಸಿದರೆ, ಎದುರಿಗೆ ಎಷ್ಟೇ ದೊಡ್ಡವರಿದ್ದರೂ ಬಾಯಿ ಬಿಟ್ಟು ಹೇಳಿ. 2023ರ ಅಕ್ಟೋಬರ್ 21ರಂದು ಗಗನಯಾನದ ಟಿವಿ-ಡಿ1 ಎಂಬ ಪರೀಕ್ಷಾ ಹಾರಾಟವನ್ನು ಉಡಾವಣೆಗೆ ಐದು ಸೆಕೆಂಡ್ ಇರುವಾಗ ಕಂಪ್ಯೂಟರ್ ನಿಲ್ಲಿಸಿತು. ಕಾರಣ ಹುಡುಕಿ ಸರಿಪಡಿಸಿ, ಅದೇ ಬೆಳಗ್ಗೆ 10 ಗಂಟೆಗೆ ಹಾರಿಸಿದರು. ಮುಂದೆ ಮನುಷ್ಯರನ್ನು ಕೂರಿಸಿ ಕಳಿಸುವಾಗ ಹೀಗೆ ನಿಲ್ಲಿಸಿ ಎನ್ನುವ ದನಿಗಳು ಕಂಟ್ರೋಲ್ ರೂಮ್‌ನಲ್ಲೂ ಬೇಕು.

ನಿದ್ದೆಯ ವಿಷಯದಲ್ಲಿ ಹಟ ಬೇಡ. ರಾತ್ರಿ ಪಾಳಿಯ ಮರುದಿನ ಬೈಕ್ ಓಡಿಸಬೇಡಿ, ಬಸ್ಸು ಮೆಟ್ರೋ ಹಿಡಿಯಿರಿ. ದಣಿದಿದ್ದರೆ ಪಾಳಿಯ ಮುಖ್ಯಸ್ಥರಿಗೆ ಹೇಳಿ, ಅದರಲ್ಲಿ ನಾಚಿಕೆ ಇಲ್ಲ.

ಇವತ್ತು ರಾತ್ರಿ

ಕಾಯಬೇಡಿ. ಒಂದು ಹೊಸ ನೋಟ್‌ಬುಕ್ ತೆಗೆದುಕೊಂಡು ಮೊದಲ ಪುಟದಲ್ಲಿ ನಿಮ್ಮ ಊರಿನ ಅಕ್ಷಾಂಶ, ರೇಖಾಂಶ ಬರೆಯಿರಿ. ಬಾಹ್ಯಾಕಾಶ ನಿಲ್ದಾಣದ ಮುಂದಿನ ಪಾಸ್ ಯಾವಾಗ ನೋಡಿ. ಸಂಜೆ 7:12 ಅಂತಿದ್ದರೆ 13:42 ಯುಟಿಸಿ ಎಂದು ಬರೆಯಿರಿ. ಹತ್ತು ನಿಮಿಷ ಮುಂಚೆ ತಾರಸಿಗೆ ಹೋಗಿ. ಮೋಡ ಕವಿದಿದ್ದರೆ ‘ಮೋಡ, ಕಾಣಲಿಲ್ಲ’ ಎಂದು ಬರೆದು, ಕೆಳಗೆ ಮುಂದಿನ ಪಾಸ್‌ನ ಸಮಯ ಬರೆದಿಡಿ.